ಕಟ್ಟಿದ್ದನ್ನು ಮತ್ತೆ ಕಟ್ಟದಿರಲು: ಹೈದರಾಬಾದ್ ನಡೆದ ದಾರಿ

ಪ್ಲಾಸ್ಟರ್ ಮುಗಿದ ಗೋಡೆಯನ್ನು ವೈರಿಂಗ್ ಪೈಪಿಗಾಗಿ ಕೊರೆಯುತ್ತಾರೆ. ಡಾಂಬರು ಹಾಕಿದ ರಸ್ತೆಯನ್ನು ನೀರಿನ ಕೊಳವೆಗಾಗಿ ಅಗೆಯುತ್ತಾರೆ. ಇಂಥ ಮರುಕೆಲಸಕ್ಕೆ ಕೆಲಸಗಾರನ ಕೈ ಕಾರಣವಾಗುವುದು ಕಡಿಮೆ. ನಿರ್ಧಾರ ತಡವಾಗಿ ಆದದ್ದು, ಇಲ್ಲವೇ ಆದ ನಿರ್ಧಾರ ಸೈಟಿಗೆ ತಲುಪದೇ ಹೋದದ್ದು ಹೆಚ್ಚಿನ ಕಾರಣ. ನಿರ್ಧಾರವನ್ನು ಮುಂಚಿತವಾಗಿ ಮಾಡಿಕೊಳ್ಳುವುದನ್ನು ಹೈದರಾಬಾದ್ ಹಂತಹಂತವಾಗಿ ಕಲಿತಿದೆ. ಕೊನೆಯ ಹಂತ ಇನ್ನೂ ಬಾಕಿಯಿದೆ.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ನಗರವನ್ನು ಧ್ವಂಸ ಮಾಡಿತು. ಮರುವರ್ಷ ನಿಜಾಮರ ಆಹ್ವಾನದ ಮೇಲೆ ಬಂದ ಎಂ. ವಿಶ್ವೇಶ್ವರಯ್ಯ ಮೊದಲು ಮಳೆಯ ಪ್ರಮಾಣ, ಜಲಾನಯನ ಪ್ರದೇಶ, ಮೇಲ್ಭಾಗದಲ್ಲಿ ಒಡೆದ ಕೆರೆಗಳ ಲೆಕ್ಕ ತೆಗೆದರು. ನಗರದ ಮೇಲ್ಗಡೆ ಮೂಸಿ ಮತ್ತು ಈಸಿ ನದಿಗಳಿಗೆ ಜಲಾಶಯ ಕಟ್ಟಬೇಕೆಂಬ ಅವರ ಸಲಹೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಗೂ ಕುಡಿಯುವ ನೀರಿಗೂ ಅವೇ ಅಣೆಕಟ್ಟುಗಳು ಒದಗಿದವು. ಎರಡು ಅಗತ್ಯಗಳನ್ನು ಒಟ್ಟಿಗೆ ಯೋಚಿಸಿದ್ದರಿಂದ ಎರಡು ಸಲ ಕಟ್ಟುವ ಪ್ರಮೇಯವೇ ಬರಲಿಲ್ಲ.

ಹೊರಜಗತ್ತಿನಲ್ಲಿ 1950ರ ದಶಕದ ಕೊನೆಗೆ ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್), ಪರ್ಟ್ ಎಂಬ ಯೋಜನಾ ವಿಧಾನಗಳು ಬಂದು ಯಾವ ಕೆಲಸದ ಹಿಂದೆ ಯಾವುದು ಎಂಬುದಕ್ಕೆ ಗಣಿತದ ಆಧಾರ ಕೊಟ್ಟವು. 1992ರಲ್ಲಿ ನಿರ್ಮಾಣ ಸಂಶೋಧಕ ಲೌರಿ ಕೊಸ್ಕೆಲಾ ಕಾಯುವಿಕೆಯನ್ನೂ ಮರುಕೆಲಸವನ್ನೂ ವ್ಯರ್ಥವೆಂದೇ ಎಣಿಸಬೇಕೆಂದು ವಾದಿಸಿದರು. ಗ್ಲೆನ್ ಬಲ್ಲಾರ್ಡ್ ರೂಪಿಸಿದ 'ಲಾಸ್ಟ್ ಪ್ಲಾನರ್' ಪದ್ಧತಿ ವಾರದ ಯೋಜನೆಯನ್ನು ಕೆಲಸ ಮಾಡಿಸುವವರ ಒಪ್ಪಿಗೆಯ ಮೇಲೆ ನಿಲ್ಲಿಸಿತು. ಹೈದರಾಬಾದಿನಲ್ಲಿ 1998ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮಾಣ ಅಕಾಡೆಮಿ ಗಾರೆ, ಬಾರ್ ಬೆಂಡಿಂಗ್, ಪ್ಲಂಬಿಂಗ್ ಕೆಲಸಗಳಿಗೆ ತರಬೇತಿಯ ನೆಲೆ ಒದಗಿಸಿತು.

ದೊಡ್ಡ ಪರೀಕ್ಷೆ ಮೆಟ್ರೋ. ವಾಹನ ತುಂಬಿದ ರಸ್ತೆಯ ನಡುವೆ ಸೆಂಟ್ರಿಂಗ್ ಹಾಕಿ ಕಾಂಕ್ರೀಟ್ ಸುರಿಯುತ್ತ ಹೋಗುವಂತಿರಲಿಲ್ಲ. ಮೇಲ್ಸೇತುವೆಯ ತುಂಡುಗಳನ್ನು ಕಾಸ್ಟಿಂಗ್ ಯಾರ್ಡಿನಲ್ಲಿ ಎರಕ ಹೊಯ್ದು, ತಂದು, ಲಾಂಚಿಂಗ್ ಗರ್ಡರ್‌ನಿಂದ ಕಂಬಗಳ ಮೇಲೆ ಜೋಡಿಸಿದರು. ಅಳತೆ ತಪ್ಪಿದ ತುಂಡು ಯಾರ್ಡಿನಲ್ಲೇ ಸಿಕ್ಕಿಬೀಳುತ್ತದೆ, ಕಂಬದ ಮೇಲಲ್ಲ. 2017ರ ನವೆಂಬರಿನಲ್ಲಿ ಮೊದಲ 30 ಕಿ.ಮೀ. ತೆರೆಯಿತು; 2020ರ ಫೆಬ್ರವರಿಗೆ ಜಾಲ 69 ಕಿ.ಮೀ. ಆಯಿತು. ಆದರೆ ಮಾರ್ಗ ಮತ್ತು ಆಸ್ತಿಗಳ ಬಗ್ಗೆ ಒಮ್ಮತ ಮೂಡದ ಹಳೆಯ ನಗರದ ಭಾಗ ಆಗ ಕೈಬಿಟ್ಟೇ ಹೋಯಿತು. ತೀರ್ಮಾನವಾಗದ ಕಡೆ ಯಾವ ಯಂತ್ರವೂ ಕೆಲಸಕ್ಕೆ ಬರುವುದಿಲ್ಲ.

ಕಡತಗಳಲ್ಲೂ ಇದೇ ಬದಲಾವಣೆ. ಮಹಾನಗರಪಾಲಿಕೆ 2016ರಲ್ಲಿ ಕಟ್ಟಡ ನಕ್ಷೆಗಳ ಆನ್‌ಲೈನ್ ಪರಿಶೀಲನೆ ಆರಂಭಿಸಿತು. 2020ರಲ್ಲಿ ಬಂದ ತೆಲಂಗಾಣದ ಕಟ್ಟಡ ಅನುಮತಿ ವ್ಯವಸ್ಥೆ ಟಿಎಸ್-ಬಿಪಾಸ್ ಸಣ್ಣ ಮನೆಗಳಿಗೆ ಸ್ವಯಂ ದೃಢೀಕರಣದ ಮೇಲೆ ತಕ್ಷಣದ ಅನುಮತಿ, ದೊಡ್ಡ ಕಟ್ಟಡಗಳಿಗೆ ಏಕಗವಾಕ್ಷಿಯಲ್ಲಿ 21 ದಿನಗಳ ಗಡುವು ತಂದಿತು. ಅದೇ ಕಾಗದವನ್ನು ಇಲಾಖೆಯಿಂದ ಇಲಾಖೆಗೆ ಹೊತ್ತೊಯ್ಯುವ ಅಲೆದಾಟಕ್ಕೆ ಕಡಿವಾಣ ಹಾಕುವುದೇ ಇದರ ಗುರಿಯಾಗಿತ್ತು. 2019ರಲ್ಲಿ ನಗರದ 700ಕ್ಕೂ ಹೆಚ್ಚು ಕಿ.ಮೀ. ಮುಖ್ಯರಸ್ತೆಗಳ ನಿರ್ವಹಣೆಯನ್ನು ಐದು ವರ್ಷಗಳ ಗುತ್ತಿಗೆಗೆ ಕೊಟ್ಟದ್ದೂ ಮುಖ್ಯ ಹೆಜ್ಜೆ: ರಸ್ತೆ ಹಾಳಾದರೆ ಹೊಣೆ ಯಾರದೆಂಬುದು ಮೊದಲೇ ನಿಶ್ಚಯವಾಯಿತು.

ಇಷ್ಟಾದರೂ ಕೊನೆಯ ಹಂತ ಸೈಟಿನಲ್ಲೇ ಉಳಿದಿದೆ. ಬಿಐಎಂ ಎಂಬ ಕಟ್ಟಡದ ಡಿಜಿಟಲ್ ಮಾದರಿ ಎಂಜಿನಿಯರ್‌ನ ಪರದೆಯಲ್ಲಿ ಕೊಳವೆಯೂ ತೊಲೆಯೂ ಡಿಕ್ಕಿಯಾಗುವ ಜಾಗವನ್ನು ತೋರಿಸಬಲ್ಲದು. ಆದರೆ ಕಟ್ಟಡವನ್ನು ಕಟ್ಟುವವರಲ್ಲಿ ಅನೇಕರು ಪಾಲಮೂರು, ರಾಯಚೂರು, ಕಲಬುರಗಿ, ಒಡಿಶಾ, ಬಿಹಾರಗಳಿಂದ ಬಂದವರು. ತಿದ್ದಿದ ನಕ್ಷೆ ಒಳಗುತ್ತಿಗೆಯ ಮೂರು ಕೈ, ನಾಲ್ಕು ಭಾಷೆ ದಾಟಿ ಅವರನ್ನು ಮುಟ್ಟಬೇಕು. ಹಳೆಯ ನಕ್ಷೆಯನ್ನು ಸೈಟಿನಿಂದ ಹಿಂಪಡೆಯುವುದು, ವಾರಕ್ಕೊಮ್ಮೆ ಮೇಸ್ತ್ರಿಗಳನ್ನು ಕೂರಿಸಿ ಮುಂದಿನ ಕೆಲಸ ಒಪ್ಪಿಸಿಕೊಳ್ಳುವುದು, ಒಡೆದು ಕಟ್ಟಿದ್ದರ ಕಾರಣವನ್ನು ದಾಖಲಿಸುವುದು: ಇವಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಅಳತೆಯ ಲೆಕ್ಕದಲ್ಲಿ ದುಡಿಯುವವನು ಯಾರದೋ ತಪ್ಪಿಗೆ ಒಡೆದು ಕಟ್ಟಿದರೆ ಆ ದಿನದ ಕೂಲಿ ಅವನ ಕೈತಪ್ಪಬಹುದು. ಮರುಕೆಲಸ ತಪ್ಪಿಸುವ ಯೋಜನೆಯಲ್ಲಿ ಮೇಸ್ತ್ರಿಗೆ ಮಾತಿನ ಹಕ್ಕು ಸಿಗಬೇಕು. ತಪ್ಪಿದಾಗ ಆ ದುಡಿಮೆಗೂ ಕೂಲಿ ಸಿಗಬೇಕು. ದಕ್ಷತೆಯ ಮುಂದಿನ ಅಳತೆಗೋಲು ಇದೇ ಆಗಲಿ.