ಉಬ್ರಾಣಿ ಸೀಮೆಯ ವಸಂತವೂ ಛಾಯಾಚಿತ್ರವೂ

ಚನ್ನಗಿರಿ ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಉಬ್ರಾಣಿಯ ಕಡೆ ಯಾರಾದರೂ ತೋಟಕ್ಕೆ ಹೋಗಿಬರುತ್ತೇವೆಂದರೆ ಅದಕ್ಕೆ ವಿಹಾರವೆಂಬ ಅರ್ಥ ಬರುವುದಿಲ್ಲ. ಅಲ್ಲಿ ತೋಟವೆಂದರೆ ಅಡಕೆಯ ತೋಟ. ನೀರು ಹಾಯಿಸುವುದು, ಸೋಗೆ ಎಳೆಯುವುದು, ಗೊನೆ ಇಳಿಸುವುದು ಇವೇ ಅಲ್ಲಿನ ವ್ಯವಹಾರ. ನೋಡಿ ನಲಿಯುವುದಕ್ಕೆಂದೇ ಬೆಳೆಸಿದ ಗಿಡಮರಗಳ ತಾಣವನ್ನು ಹೇಳಬೇಕಾದರೆ ಉದ್ಯಾನವೆಂಬ ಸಂಸ್ಕೃತ ಶಬ್ದವನ್ನೋ ಪಾರ್ಕು ಎಂಬ ಇಂಗ್ಲಿಷ್ ಶಬ್ದವನ್ನೋ ತರಬೇಕಾಗುತ್ತದೆ. ಹಾಗೆಂದು ಆ ಸೀಮೆಯ ಜನಕ್ಕೆ ವಸಂತದ ಸೊಬಗು ತಿಳಿಯದೆಂದು ಯಾರೂ ಭಾವಿಸಬಾರದು. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಕಾಡಿನ ನಡುವೆ ಮುತ್ತುಗ, ಬೂರುಗ, ಹಾಲುವಾಣಗಳು ಕೆಂಪಗೆ ಅರಳುತ್ತವೆ. ಮಾವಿನ ಎಳೆಯ ಚಿಗುರೂ ಕೆಂಪೇ. ಅಡಕೆಯ ಮರದಲ್ಲಿ ಹೊಂಬಾಳೆ ಒಡೆದು ಹಿಂಗಾರ ಹೊರಬರುತ್ತದೆ. ಈ ವಸಂತವು ಆ ಪ್ರದೇಶದ ಹಳೆಯ ಛಾಯಾಚಿತ್ರಗಳಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಯನ್ನು ಈ ಪ್ರಬಂಧದಲ್ಲಿ ಸ್ವಲ್ಪಮಟ್ಟಿಗೆ ವಿಚಾರಮಾಡಲು ಯತ್ನಿಸಿದ್ದೇವೆ.

ಮೊದಲಿಗೆ ಒಂದು ಮಾತು. ಋತುವನ್ನು ಅನುಭವಿಸಲೆಂದು ಮನೆಯಿಂದ ಹೊರಟು ಹೋಗುವ ಪದ್ಧತಿ ಪಾಶ್ಚಾತ್ಯರಿಂದ ನಮಗೆ ಬಂದುದೆಂದು ಕೆಲವರು ತಿಳಿದಿದ್ದಾರೆ. ಇದು ನಿಲ್ಲತಕ್ಕ ಮಾತಲ್ಲ. ಮಹಾಕಾವ್ಯಕ್ಕೆ ಅವಶ್ಯವೆಂದು ನಮ್ಮವರು ಎಣಿಸಿದ ಹದಿನೆಂಟು ವರ್ಣನೆಗಳಲ್ಲಿ ಋತು, ಉದ್ಯಾನವಿಹಾರ, ಜಲಕ್ರೀಡೆ ಇವು ಮೂರೂ ಸೇರಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಬೆಟ್ಟದ ವಿಹಾರ, ವನಕ್ರೀಡೆ, ಉಯ್ಯಾಲೆ, ನೀರಾಟಗಳನ್ನು ಅರಸನ ಕ್ರೀಡೆಗಳೆಂದು ಬೇರೆ ಬೇರೆಯಾಗಿ ವಿವರಿಸುತ್ತದೆ. ಅದೇ ಗ್ರಂಥದಲ್ಲಿ ಚಿತ್ರಕಲೆಯ ವಿಚಾರವೂ ಉಂಟು. ಹೂವನ್ನು ನೋಡಲು ಹೋಗುವುದು, ನೋಡಿದ್ದನ್ನು ಚಿತ್ರಿಸುವುದು, ಎರಡಕ್ಕೂ ಶಾಸ್ತ್ರವನ್ನು ಬರೆದಿಡತಕ್ಕ ಮಟ್ಟಿಗೆ ಆ ಕಾಲದವರಿಗೆ ಆಸಕ್ತಿ ಇತ್ತು. ಅದು ಅರಸರ ಮಾತಾಯಿತು, ಸಾಮಾನ್ಯರದಲ್ಲ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಜಾತ್ರೆ, ತೇರು, ಓಕುಳಿಗಳಲ್ಲಿ ಸಾಮಾನ್ಯರ ವಸಂತವನ್ನು ಹುಡುಕಬೇಕು. ಅದು ಬೇರೊಂದು ಪ್ರಬಂಧದ ವಸ್ತು.

ಅರಸರ ವಸಂತಕ್ಕೆ ಕಲ್ಲಿನ ಸಾಕ್ಷ್ಯವೊಂದು ಇದೇ ತಾಲ್ಲೂಕಿನಲ್ಲಿದೆ. ಸಂತೇಬೆನ್ನೂರಿನ ಪುಷ್ಕರಿಣಿಯ ನಡುನೀರಿನಲ್ಲಿ ನಿಂತಿರುವ ಅಂತಸ್ತುಗಳುಳ್ಳ ಮಂಟಪಕ್ಕೆ ವಸಂತ ಮಂಟಪವೆಂದೇ ಹೆಸರು. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಆಳಿದ ಪಾಳೆಯಗಾರ ಹನುಮಪ್ಪ ನಾಯಕನು ಇದನ್ನು ಕಟ್ಟಿಸಿದನು. ನಾಲ್ಕೂ ಕಡೆ ನೀರಿಗಿಳಿಯುವ ಕಲ್ಲಿನ ಸೋಪಾನಗಳು, ದಿಕ್ಕುದಿಕ್ಕಿಗೆ ಒಂದರಂತೆ ಎಂಟು ಸಣ್ಣ ಮಂಟಪಗಳು. ಈ ಎಂಟರಲ್ಲಿ ಆರು ಮಾತ್ರ ಉಳಿದಿವೆ. ಮುಂದೆ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಊರನ್ನು ಗೆದ್ದು ಹೊಂಡದ ದಡದ ಮುಸಾಫಿರಖಾನೆಯನ್ನು ಕಟ್ಟಿಸಿದನೆಂದು ಪ್ರತೀತಿ. ಪಾಳೆಯಗಾರನು ಅಲ್ಲಿ ನಿಲ್ಲಿಸಿದ್ದ ರಂಗನಾಥನ ಗುಡಿ ಆ ಗಲಭೆಯಲ್ಲಿ ಅಳಿಯಿತು. ರಾಜಕೀಯದ ಆ ಕಥೆಯನ್ನು ಹಲವರು ಬರೆದಿದ್ದಾರೆ. ನಮ್ಮ ಗಮನವಿರುವುದು ಹೆಸರಿನ ಕಡೆಗೆ. ಒಂದು ಕಟ್ಟಡಕ್ಕೆ ಋತುವಿನ ಹೆಸರನ್ನಿಟ್ಟವರು ಆ ಕಟ್ಟಡವನ್ನು ವರ್ಷದ ಒಂದು ಕಾಲಕ್ಕೆ ಕಟ್ಟಿಕೊಟ್ಟರು: ಬಿಸಿಲೇರುವ ದಿನಗಳಲ್ಲಿ, ಸುತ್ತ ನೀರಿರುವಾಗ, ನೀರಿನ ಮೇಲಿನಿಂದ ಬರುವ ಗಾಳಿಗೆ. ನೀರಿಲ್ಲದ ಹೊಂಡದಲ್ಲಿ ಅದು ವಸಂತ ಮಂಟಪವಲ್ಲ, ಬರಿಯ ಗೋಪುರ.

ಇನ್ನು ಛಾಯಾಚಿತ್ರದ ಮಾತು. ಯೂರೋಪಿನಲ್ಲಿ 1839ರಲ್ಲಿ ಪ್ರಕಟವಾದ ಈ ವಿದ್ಯೆಯು ಕನ್ನಡನಾಡಿಗೆ ಬಂದು ನೆಲೆಸಿದ್ದು ಸೈನಿಕರ ಮತ್ತು ವೈದ್ಯರ ಕೈಯಲ್ಲಿ. ಬೆಂಗಳೂರಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು 1854ರ ಸುಮಾರಿನಲ್ಲಿ ಹಳೇಬೀಡು ಬೇಲೂರುಗಳ ಚಿತ್ರಗಳನ್ನು ತೆಗೆದನು. ಡಾಕ್ಟರ್ ನೀಲ್ ಎಂಬಾತನು ಅದೇ ಸ್ಥಳಗಳಲ್ಲಿ ಕೆಲಸಮಾಡಿದನು. ಬೊಂಬಾಯಿ ಸರಕಾರವು 1855ರಲ್ಲಿ ಬಿಗ್ಸ್ ಎಂಬ ಅಧಿಕಾರಿಯನ್ನು ಈ ಕಾರ್ಯಕ್ಕೆಂದೇ ನೇಮಿಸಿತು. ಅವನ ತರುವಾಯ ಡಾಕ್ಟರ್ ಪಿಗೊ ಬಂದನು. ನೀಲ್, ಬಿಗ್ಸ್, ಪಿಗೊ ಈ ಮೂವರ ಚಿತ್ರಗಳನ್ನು ಸೇರಿಸಿ, ಮೆಡೋಸ್ ಟೇಲರನ ಚರಿತ್ರೆಯೊಡನೆ ಮತ್ತು ಫರ್ಗುಸನ್ನನ ವಾಸ್ತು ಟಿಪ್ಪಣಿಗಳೊಡನೆ, ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಸೂಳೆಕೆರೆಯ ನೀರನ್ನು ಹೊತ್ತ ಹರಿದ್ರಾ ತೊರೆಯು ಯಾವ ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದೋ ಆ ಹರಿಹರದ ದೇವಾಲಯವನ್ನು ಪಿಗೊ ಚಿತ್ರಿಸಿದ್ದಾನೆ. ಕ್ಯಾಮರಾ ನಮ್ಮ ಸೀಮೆಯ ಬಾಗಿಲಿನವರೆಗೆ ಬಂದುದು ಹೀಗೆ.

ಎರಡನೆಯ ಪ್ರಯತ್ನವು ಸಂಶೋಧಕರಾದ ನಮಗೆ ಇನ್ನೂ ಹತ್ತಿರದ್ದು. ಮೈಸೂರಿನ ಕಮಿಷನರ್ ಬೌರಿಂಗನ ಆಜ್ಞೆಯ ಮೇರೆಗೆ ಮೇಜರ್ ಡಿಕ್ಸನ್ 1865ರಲ್ಲಿ ಸಂಸ್ಥಾನದ ನೂರೈವತ್ತರಷ್ಟು ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸರು ಅವುಗಳನ್ನು ಓದಿ ಅನುವಾದಿಸಿ 1879ರಲ್ಲಿ ಮೈಸೂರು ಶಾಸನಗಳೆಂಬ ಸಂಪುಟವನ್ನು ಪ್ರಕಟಿಸಿದರು. ಚನ್ನಗಿರಿ ಹೊನ್ನಾಳಿಗಳ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯಾ ಕರ್ನಾಟಿಕಾ ಏಳನೆಯ ಸಂಪುಟವು (1902) ಇದೇ ದಾರಿಯಲ್ಲಿ ಮುಂದೆ ಬಂದ ಫಲ. ನಮ್ಮ ಶಾಸನಶಾಸ್ತ್ರವು ಹುಟ್ಟಿದ್ದು ಛಾಯಾಚಿತ್ರದ ತೊಟ್ಟಿಲಲ್ಲಿ ಎನ್ನಲಡ್ಡಿಯಿಲ್ಲ. ಆದರೆ ಇದರ ಪರಿಣಾಮವಾಗಿ ನಾಡಿನ ಚಿತ್ರವೆಂದರೆ ಕಲ್ಲಿನ ಚಿತ್ರವೆಂಬ ರೂಢಿ ಬೆಳೆಯಿತು. ಶಾಸನ, ಗುಡಿ, ಕೋಟೆ ಇವು ಚಿತ್ರಾರ್ಹವೆನಿಸಿದುವು. ಗುಡಿಯ ಹಿಂದಿನ ತೋಪು ಚಿತ್ರದ ಅಂಚಿನಲ್ಲಿ ಅರ್ಧ ಬಿತ್ತು, ಅರ್ಧ ಹೊರಗುಳಿಯಿತು.

ಈ ದೋಷವನ್ನೆಲ್ಲ ಆ ಮಹನೀಯರ ಅಭಿರುಚಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ವಿದ್ಯೆಯ ಸ್ವರೂಪವೇ ಹಾಗಿತ್ತು. ಅವರಲ್ಲಿ ಅನೇಕರು ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವು. ಅದಕ್ಕೆ ನಿಮಿಷಗಟ್ಟಲೆ ಬೆಳಕನ್ನು ಉಣಿಸಬೇಕಾಗಿತ್ತು. ಕಲ್ಲು ಅಲುಗದೆ ನಿಂತಿತು. ಗಾಳಿಗೆ ತೂಗುವ ಕೊಂಬೆ ಮಸುಕಾದ ಹೊಗೆಯಾಯಿತು. ಇದಕ್ಕಿಂತ ಮುಖ್ಯವಾದುದು ಬಣ್ಣದ ಮಾತು. ಆ ಕಾಲದ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದುವು. ಹಸುರಿಗೆ ಅಲ್ಪವಾಗಿ, ಕೆಂಪಿಗೆ ಇಲ್ಲವೇ ಇಲ್ಲವೆಂಬಷ್ಟು. ಆದ್ದರಿಂದ ನೀಲಿಯ ಆಕಾಶ ಬಿಳಿಯ ಹಾಳೆಯಾಗಿ ಕಂಡಿತು, ಕೆಂಪು ಹೂವು ಕರಿದಾಗಿ ಕಂಡಿತು. ಮುತ್ತುಗ ಹೂತ ಕಾಡಿನ ಎದುರು ಅಂದಿನ ಛಾಯಾಗ್ರಾಹಕನು ನಿಂತಿದ್ದರೂ ಅವನ ಫಲಕದಲ್ಲಿ ಬೀಳುತ್ತಿದ್ದುದು ಸುಟ್ಟ ಮರಗಳಂಥ ಒಂದು ನೋಟ. ಜರ್ಮನಿಯ ಫೋಗೆಲ್ 1873ರಲ್ಲಿ ಬಣ್ಣದ ದ್ರವ್ಯಗಳನ್ನು ಬೆರೆಸಿ ಫಲಕಗಳ ದೃಷ್ಟಿಯನ್ನು ಹಸುರಿನ ಕಡೆಗೆ ವಿಸ್ತರಿಸಿದನು. ಕೆಂಪನ್ನೂ ಗ್ರಹಿಸಬಲ್ಲ ಫಲಕಗಳು ಮಾರುಕಟ್ಟೆಗೆ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಂದರೆ ಛಾಯಾಚಿತ್ರಣದ ಮೊದಲ ಆರೇಳು ದಶಕಗಳ ಕಾಲ ಕ್ಯಾಮರಾ ನಮ್ಮ ವಸಂತಕ್ಕೆ ಅಕ್ಷರಶಃ ಕುರುಡಾಗಿತ್ತು. ಹಳೆಯ ಚಿತ್ರಗಳನ್ನು ನೋಡಿ ಆಗ ಈ ಸೀಮೆ ಬೋಳಾಗಿತ್ತೆಂದು ತೀರ್ಮಾನಿಸಿದ ಬರೆಹಗಳನ್ನು ನಾವು ಓದಿದ್ದೇವೆ. ಅಂಥ ತೀರ್ಮಾನಕ್ಕೆ ಮೊದಲು ಫಲಕದ ರಸಾಯನವನ್ನು ವಿಚಾರಿಸತಕ್ಕದ್ದು.

ಕಲೆಯನ್ನು ನೋಡುವ ಸಂಚಾರದಲ್ಲಿಯೂ ಛಾಯಾಚಿತ್ರವು ಬೇರೊಂದು ರೀತಿಯಲ್ಲಿ ದಾರಿ ತಪ್ಪಿಸುವುದುಂಟು. ಇದಕ್ಕೆ ಉಬ್ರಾಣಿಯ ನೆರೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಭದ್ರೆಯ ನೀರನ್ನು ಮೇಲಕ್ಕೆತ್ತಿ ಹರಿಸುವ ಏತ ನೀರಾವರಿ ಯೋಜನೆಯಲ್ಲಿ ಉಬ್ರಾಣಿಯ ಹೆಸರಿನೊಡನೆ ಜೋಡಿಯಾಗಿ ಬರುವ ಅಮೃತಾಪುರವು ತರೀಕೆರೆ ತಾಲ್ಲೂಕಿನದು. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿನ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವೆಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ಸೋಮನಾಥಪುರದಲ್ಲಿಯೂ ಕಾಣಬರುವ ರೂವಾರಿ ಮಲ್ಲಿತಮ್ಮನ ಹೆಸರು ಇಲ್ಲಿದೆ. ಮಂಟಪದ ಜಗಲಿಗೋಡೆಯ ಹೊರಮೈಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಪಟ್ಟಿಕೆಗಳು, ಉತ್ತರಕ್ಕೆ ಕೃಷ್ಣಕಥೆಯ 25 ಮತ್ತು ಭಾರತದ 45 ಪಟ್ಟಿಕೆಗಳು. ವಿಶೇಷವೇನೆಂದರೆ, ಉತ್ತರದ ಕಥೆಗಳು ಪ್ರದಕ್ಷಿಣಕ್ರಮದಲ್ಲಿ ಸಾಗಿದರೆ ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ.

ಈ ಪಟ್ಟಿಕೆಗಳ ಚಿತ್ರಗಳನ್ನು ಒಂದು ಆಲ್ಬಂನಲ್ಲಿ ಅಂಟಿಸಿದಾಗ ಏನಾಗುತ್ತದೆಂಬುದನ್ನು ನೋಡಬೇಕು. ಗೋಡೆಗೆ ಮುಖಮಾಡಿ ನಿಂತವನಿಗೆ ಪ್ರದಕ್ಷಿಣೆಯ ಹಾದಿ ಬಲದಿಂದ ಎಡಕ್ಕೆ. ಆಲ್ಬಂನ ಹಾದಿ, ನಮ್ಮ ಬರೆವಣಿಗೆಯಂತೆ, ಎಡದಿಂದ ಬಲಕ್ಕೆ. ಹಾಗಾಗಿ ಅಸಹಜವಾದ ರಾಮಾಯಣವು ಪುಟದಲ್ಲಿ ಸಹಜವಾಗಿ ಓಡುತ್ತದೆ. ಸಹಜವಾದ ಕೃಷ್ಣಕಥೆಯನ್ನು ಗೋಡೆಯ ಮೇಲಿರುವಂತೆಯೇ ಅಂಟಿಸಿದರೆ ಅದು ಹಿಂದುಮುಂದಾಗುತ್ತದೆ. ನಾವು ಒಮ್ಮೆ ವಿದ್ಯಾರ್ಥಿಗಳಿಗೆ ಚಿತ್ರಗಳನ್ನು ಮಾತ್ರ ಕೊಟ್ಟು ಈ ದೇವಾಲಯವನ್ನು ಪರಿಚಯಿಸಿದ್ದೆವು. ಕೃಷ್ಣಕಥೆಯನ್ನು ಕೆತ್ತಿದವರು ತಪ್ಪಿದ್ದಾರೆಂದು ಅವರಲ್ಲೊಬ್ಬರು ಬರೆದುಕೊಟ್ಟರು! ಉತ್ತರಪತ್ರಿಕೆಯನ್ನು ತಿದ್ದುವಾಗ ತಪ್ಪು ನಮ್ಮದೆಂದು ತಿಳಿಯಿತು. ಮುಂದಿನ ಫಾಲ್ಗುಣದಲ್ಲಿ ಅವರನ್ನು ಅಲ್ಲಿಗೇ ಕರೆದೊಯ್ದು ದಕ್ಷಿಣದ ಗೋಡೆಯ ಉದ್ದಕ್ಕೂ ಅಪ್ರದಕ್ಷಿಣವಾಗಿ ನಡೆಸಿದೆವು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಬ್ಬ ಹುಡುಗಿ, "ಇದು ಎದುರು ಸುತ್ತು ಆಯಿತಲ್ಲ, ಸಾರ್" ಎಂದು ನಿಂತಳು. ಪುಸ್ತಕದಲ್ಲಿ ತಿಳಿಯದುದು ಕಾಲಿಗೆ ತಿಳಿಯಿತು.

ಬೀರೂರು ಶಿವಮೊಗ್ಗ ರೈಲುದಾರಿ 1899ರಲ್ಲಿ ತೆರೆದ ಮೇಲೆ ತರೀಕೆರೆಯ ಕಡೆಗೆ ಸಂಚಾರ ಸುಲಭವಾಯಿತು. ಕೈಯಲ್ಲಿ ಹಿಡಿಯುವ ಸುರುಳಿ ಫಿಲ್ಮಿನ ಕ್ಯಾಮರಾಗಳು ಅದಕ್ಕೆ ಹತ್ತು ವರ್ಷ ಮೊದಲೇ ಅಮೆರಿಕೆಯಲ್ಲಿ ಬಂದಿದ್ದುವು. ಆದರೂ ಹಳ್ಳಿಯ ಮನೆಗಳಿಗೆ ಛಾಯಾಚಿತ್ರವು ಬಂದುದು ಪೇಟೆಯ ಸ್ಟುಡಿಯೋಗಳ ಮೂಲಕ. ಅಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಅಡಕೆಯ ತೋಟದ ನಡುವೆಯೇ ಬಾಳಿದ ಕುಟುಂಬವು ಸ್ಟುಡಿಯೋದಲ್ಲಿ ನಿಂತಾಗ ಅವರ ಹಿಂದೆ ಇರುತ್ತಿದ್ದುದು ಬಟ್ಟೆಯ ಮೇಲೆ ಬಣ್ಣದಿಂದ ಬರೆದ ಉದ್ಯಾನ: ಕಾರಂಜಿ, ಕಂಬಗಳು, ಹೂಕುಂಡಗಳು. ತಮ್ಮ ತೋಟ ಅವರಿಗೆ ಚಿತ್ರಾರ್ಹವೆನಿಸಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಎದ್ದ ಗಾಜಿನ ಮನೆಯೂ ಅಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನವೂ ಉದ್ಯಾನವನ್ನು ಜನರದಾಗಿ ಮಾಡಿದುವೆಂಬುದು ನಿಜ; ದಾವಣಗೆರೆಯ ಕುಂದವಾಡ ಕೆರೆಯ ಬಳಿಯೂ ಅದನ್ನು ಹೋಲುವ ಗಾಜಿನ ಮನೆಯಿದೆ. ಅಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಕ್ಯಾಮರಾ ಉಂಟು. ಆದರೆ ಅಲ್ಲಿನ ಹೂವು ಋತುವಿನಿಂದ ಅರಳಿದ್ದಲ್ಲ, ಪ್ರದರ್ಶನದ ತಾರೀಖಿಗೆ ಅರಳಿಸಿದ್ದು.

ಹಾಗಾದರೆ ಹಳೆಯ ಚಿತ್ರಗಳಿಂದ ಪ್ರಯೋಜನವಿಲ್ಲವೆ? ಉಂಟು, ಆದರೆ ಅವುಗಳಿಗೆ ಜೊತೆ ಬೇಕು. ಸೈನ್ಯಾಧಿಕಾರಿ ಗ್ರೀನ್‌ಲಾ 1856ರಲ್ಲಿ ವಿಜಯನಗರದ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದಿದ್ದನು. ಆಸ್ಟ್ರೇಲಿಯದ ಗಾಲಿಂಗ್ಸ್ 1983ರಲ್ಲಿ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದನು. ಎರಡನ್ನೂ ಪಕ್ಕದಲ್ಲಿಟ್ಟಾಗ ಯಾವ ಗೋಪುರ ಕುಸಿಯಿತು, ಎಲ್ಲಿ ಮರ ಬೆಳೆಯಿತು ಎಂಬುದು ಒಮ್ಮೆಗೇ ಕಾಣುತ್ತದೆ. ಇಂಥ ಕೆಲಸವು ಸಂತೇಬೆನ್ನೂರಿನಲ್ಲಿಯೂ ಸಾಧ್ಯವೆಂದು ನಾವು ಅಲ್ಲಿನ ಹಾಗೂ ಉಬ್ರಾಣಿಯ ಕಡೆಯ ಮನೆಗಳಲ್ಲಿದ್ದ ಚಿತ್ರಗಳನ್ನು ಕೇಳಿ ನೋಡತೊಡಗಿದೆವು. ಮದುವೆಯಾದ ಹೊಸದರಲ್ಲಿ ಹೋದವರು, ಶಾಲೆಯ ಪ್ರವಾಸದವರು, ಜಾತ್ರೆಯಿಂದ ಮರಳುವವರು, ಎಲ್ಲರೂ ಆ ಮೆಟ್ಟಿಲಮೇಲೆ ಕುಳಿತು ಚಿತ್ರ ತೆಗೆಸಿಕೊಂಡಿದ್ದಾರೆ. ಕೆಲವದರಲ್ಲಿ ನೀರು ಮೇಲಿನ ಮೆಟ್ಟಿಲುಗಳವರೆಗೆ ತುಂಬಿದೆ. ಕೆಲವದರಲ್ಲಿ ಕೆಳಗಿನ ಮೆಟ್ಟಿಲುಗಳೂ ಒಣಗಿವೆ. ಯಾವ ವರ್ಷ, ಯಾವ ಮಾಸವೆಂಬುದಿದ್ದರೆ ಇದು ಹೊಂಡದ ನೀರಿನ ಚರಿತ್ರೆಯೇ ಆಗುತ್ತಿತ್ತು. ಬಹುಪಾಲು ಚಿತ್ರಗಳ ಬೆನ್ನು ಖಾಲಿ. ಗೆದ್ದಲು, ತೇವ, ಮನೆಯ ಪಾಲಾಗುವಿಕೆ ಇವುಗಳಿಂದ ಅವೂ ವರ್ಷವರ್ಷಕ್ಕೆ ಕರಗುತ್ತಿವೆ. ಚಿತ್ರದಲ್ಲಿ ಕುಳಿತವರನ್ನು ಗುರುತಿಸಬಲ್ಲ ಹಿರಿಯರೂ ಹಾಗೆಯೇ. ಬೇರೆಯವರನ್ನು ಆಕ್ಷೇಪಿಸುವ ಮೊದಲು ನಮ್ಮ ಪೆಟ್ಟಿಗೆಯನ್ನು ತೆರೆದೆವು. ನಾವೇ ತೆಗೆದ ಚಿತ್ರಗಳಲ್ಲಿ ಶಾಸನಗಳಿಗೆ ಸಂಖ್ಯೆ ಬರೆದಿದ್ದೆವು. ಹೊಂಡದ ಚಿತ್ರಗಳಿಗೆ ಏನನ್ನೂ ಬರೆದಿರಲಿಲ್ಲ.

ಹೀಗೆ ನೋಡಿದವುಗಳಲ್ಲಿ ಒಂದು ಕಪ್ಪುಬಿಳುಪಿನ ಸಣ್ಣ ಚಿತ್ರವನ್ನು ಹೇಳಿ ಮುಗಿಸುತ್ತೇವೆ. ವಸಂತ ಮಂಟಪ ದೂರದಲ್ಲಿದೆ, ನೀರು ಮಧ್ಯಮವಾಗಿದೆ, ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಬುತ್ತಿಯ ಗಂಟು ಬಿಚ್ಚುತ್ತಿದ್ದಾರೆ. ಮುಂದೆ ಯಾವುದೋ ಮರದ ಕೊಂಬೆಯೊಂದು ಅಡ್ಡ ಬಂದು ಮಸುಕಾಗಿದೆ. ಸ್ಟುಡಿಯೋದವರಾದರೆ ಇಂಥ ಚಿತ್ರವನ್ನು ಎಸೆಯುತ್ತಿದ್ದರು. ಬೆನ್ನಲ್ಲಿ ಇಸವಿಯಿಲ್ಲ, ಹೆಸರಿಲ್ಲ. ಪೆನ್ಸಿಲಿನಲ್ಲಿ ಒಂದೇ ಸಾಲು: ಹೊಂಗೆ ಹೂ ಬಿಟ್ಟಿತ್ತು. ಆ ಆಧಾರದ ಮೇಲೆ ಚಿತ್ರವನ್ನು ಚೈತ್ರ ವೈಶಾಖಗಳ ನಡುವೆ ಇಟ್ಟಿದ್ದೇವೆ.