ಪಾಟೀಸವಾಲಿನ ಹಕ್ಕೂ ಅದರ ಮೇರೆಯೂ

ಮನುಷ್ಯನ ಮೇಲೆ ಅಪರಾಧವನ್ನು ಹೊರಿಸಿದಾಗ ಅವನ ಮಾತನ್ನು ಕೇಳದೆ ದಂಡಿಸಬಾರದೆಂಬುದು ನ್ಯಾಯದ ಮೊದಲನೆಯ ಪಾಠ. ಅವನ ವಿರುದ್ಧ ಸಾಕ್ಷ್ಯ ನುಡಿದವರನ್ನು ಪ್ರಶ್ನಿಸಿ, ಆ ಸಾಕ್ಷ್ಯದಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂಬುದನ್ನು ತೂರಿ ನೋಡಲು ಅವನಿಗೆ ಅವಕಾಶವಿರಬೇಕೆಂಬುದು ಎರಡನೆಯದು. ನೊಂದು ನ್ಯಾಯಾಸ್ಥಾನದ ಮೆಟ್ಟಿಲನ್ನೇರಿದವರನ್ನು ನ್ಯಾಯಾಸ್ಥಾನವೇ ಮತ್ತೊಮ್ಮೆ ನೋಯಿಸಬಾರದೆಂಬುದು ಮೂರನೆಯದು. ಈ ಮೂರೂ ಸಾಮಾನ್ಯವಾಗಿ ಒಂದಕ್ಕೊಂದು ಹೊಂದಿಕೊಂಡು ನಡೆಯುವುವು. ಆದರೆ ಒಬ್ಬ ಹೆಂಗಸನ್ನು ವರ್ಷಗಟ್ಟಲೆ ಬೆಂಬತ್ತಿ ಪೀಡಿಸಿದನೆಂಬ ಆಪಾದನೆಗೆ ಒಳಗಾದವನು ವಕೀಲರನ್ನು ಬೇಡವೆಂದು ದೂರಮಾಡಿ, ತಾನೇ ಎದ್ದುನಿಂತು, ಸಾಕ್ಷಿಯ ಕಟಕಟೆಯಲ್ಲಿರುವ ಆ ಹೆಂಗಸಿಗೇ ಪಾಟೀಸವಾಲು ಹಾಕತೊಡಗಿದರೆ, ಈ ಮೂರು ಧರ್ಮಗಳೂ ಒಂದೇ ಕೊಠಡಿಯಲ್ಲಿ ಪರಸ್ಪರ ತಾಕಲಾಡುವುವು. ಈ ತಾಕಲಾಟ ಹೇಗೆ ಹುಟ್ಟಿತು, ಅದನ್ನು ಬಿಡಿಸಲು ನಾನಾ ದೇಶಗಳ ನ್ಯಾಯಶಾಸ್ತ್ರವು ಏನು ಮಾಡಿತು ಎಂಬುದು ಆಲೋಚನೆಗೆ ತಕ್ಕ ವಿಷಯವಾಗಿದೆ.

ಇದರ ಮೂಲವನ್ನು ಅರಿಯಬೇಕಾದರೆ ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯತ್ತ ತಿರುಗಬೇಕು. ಆ ದೇಶದಲ್ಲಿ ಬಹುಕಾಲದವರೆಗೆ, ಕೊಲೆ, ದರೋಡೆ, ರಾಜದ್ರೋಹ ಮೊದಲಾದ ಘೋರಾಪರಾಧಗಳ ವಿಚಾರಣೆಯಲ್ಲಿ ಆಪಾದಿತನಿಗೆ ವಕೀಲನನ್ನು ಇಟ್ಟುಕೊಳ್ಳುವ ಅಧಿಕಾರವೇ ಇರಲಿಲ್ಲ. ಸಣ್ಣ ತಪ್ಪಿಗೆ ವಕೀಲನುಂಟು. ಪ್ರಾಣ ಹೋಗುವ ತಪ್ಪಿಗೆ ವಕೀಲನಿಲ್ಲ! ನಿರಪರಾಧಿಯಾದವನಿಗೆ ಸತ್ಯವನ್ನು ಹೇಳಲು ಮತ್ತೊಬ್ಬರ ನಾಲಗೆ ಬೇಕಾಗಿಲ್ಲ, ಅಪರಾಧಿಯಾದವನ ಕಳ್ಳತನವು ಅವನ ಮುಖದಿಂದಲೂ ತೊದಲು ಮಾತಿನಿಂದಲೂ ತಾನಾಗಿ ಹೊರಬೀಳುವುದು ಎಂಬುದು ಅಂದಿನ ಸಮಾಧಾನ. ಹೀಗಾಗಿ ಸೆರೆಮನೆಯಿಂದ ಎಳೆತಂದ, ಓದುಬರಹವಿಲ್ಲದ ಬಡವನೂ ಅರಸನ ಪರವಾದ ವಕೀಲರಿಗೆ ಎದುರಾಗಿ ಒಬ್ಬಂಟಿಯಾಗಿ ವಾದಿಸಬೇಕಾಗಿತ್ತು.

1603ನೆಯ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ನಡೆದ ಸರ್ ವಾಲ್ಟರ್ ರಾಲೆಯ ವಿಚಾರಣೆಯು ಈ ಪದ್ಧತಿಯ ಅನ್ಯಾಯಕ್ಕೆ ಪ್ರಸಿದ್ಧವಾದ ನಿದರ್ಶನ. ಅವನ ಮೇಲಣ ರಾಜದ್ರೋಹದ ಆಪಾದನೆಗೆ ಮುಖ್ಯಾಧಾರವಾಗಿದ್ದುದು ಲಾರ್ಡ್ ಕೋಬಮ್ ಎಂಬವನು ಬರೆದುಕೊಟ್ಟಿದ್ದ ಹೇಳಿಕೆ. ಅದೇ ಕೋಬಮ್ ಆ ಹೇಳಿಕೆಯನ್ನು ನಡುವೆ ಹಿಂತೆಗೆದುಕೊಂಡೂ ಇದ್ದನು. ಕೋಬಮನನ್ನು ಕರೆಸಿರಿ, ನನ್ನ ಮುಖದ ಎದುರಿಗೆ ನಿಂತು ಅವನು ಹೇಳಲಿ ಎಂದು ರಾಲೆ ಮತ್ತೆ ಮತ್ತೆ ಬೇಡಿಕೊಂಡನು. ನ್ಯಾಯಾಧಿಪತಿಗಳು ಒಪ್ಪಲಿಲ್ಲ. ಮರಣದಂಡನೆ ವಿಧಿಸಲ್ಪಟ್ಟಿತು, ಬಹುಕಾಲ ಸೆರೆಯಲ್ಲಿದ್ದ ಬಳಿಕ, 1618ರಲ್ಲಿ ಆ ಹಳೆಯ ತೀರ್ಪಿನ ಆಧಾರದ ಮೇಲೆಯೇ ಅವನ ಶಿರಚ್ಛೇದವಾಯಿತು. ಸಾಕ್ಷಿಯು ಆಪಾದಿತನ ಎದುರಿಗೆ ಬಂದು ನುಡಿಯಬೇಕು, ಅವನ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬ ನಿಯಮಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಮುಂದಿನವರು ಈ ಬಗೆಯ ವಿಚಾರಣೆಗಳಿಂದ ಕಲಿತರು.

ಕಲಿತದ್ದು ಶಾಸನವಾಗಿ ಪರಿಣಮಿಸಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. 1696ರಲ್ಲಿ ರಾಜದ್ರೋಹದ ಆಪಾದಿತರಿಗೆ ವಕೀಲರ ನೆರವು ದೊರೆಯಿತು. 1730ರ ಸುಮಾರಿನಿಂದ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಸ್ಥಾನದಲ್ಲಿ, ಇತರ ಅಪರಾಧಗಳಲ್ಲಿಯೂ ವಕೀಲರು ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ನ್ಯಾಯಾಧಿಪತಿಗಳು ಮೆಲ್ಲಗೆ ಅನುಮತಿಸಿದರು. ಜೂರಿಯವರನ್ನು ಉದ್ದೇಶಿಸಿ ವಾದಿಸುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಅದು 1836ರ ಶಾಸನದಿಂದ ಲಭಿಸಿತು. ಅಷ್ಟರೊಳಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು 1791ರಲ್ಲಿ ತಮ್ಮ ರಾಜ್ಯಾಂಗದ ಆರನೆಯ ತಿದ್ದುಪಡಿಯ ಮೂಲಕ, ಎದುರುಸಾಕ್ಷಿಗಳನ್ನು ಮುಖಾಮುಖಿಯಾಗಿ ಕಾಣುವ ಹಕ್ಕನ್ನೂ ವಕೀಲನ ನೆರವಿನ ಹಕ್ಕನ್ನೂ ಆಪಾದಿತನಿಗೆ ಒಟ್ಟಿಗೆ ಕೊಟ್ಟಿದ್ದವು. ಪಾಟೀಸವಾಲಿನ ಹಕ್ಕು ಹುಟ್ಟಿದ್ದು ಹೀಗೆ: ಪ್ರಬಲವಾದ ಪ್ರಭುತ್ವದ ಎದುರಿಗೆ ದುರ್ಬಲನಾದ ಒಬ್ಬ ಮನುಷ್ಯನ ಕೈಗೆ ಕೊಟ್ಟ ಗುರಾಣಿಯಾಗಿ.

ವಕೀಲನ ನೆರವು ಹಕ್ಕಾದಮೇಲೆ, ಅದನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಉಂಟೇ ಎಂಬ ಪ್ರಶ್ನೆ ಬಂದಿತು. ಇಂಗ್ಲೆಂಡಿನಲ್ಲಿ ಆ ಸ್ವಾತಂತ್ರ್ಯವು ಹಿಂದಿನಿಂದಲೂ ಇದ್ದಿತು. ಅಮೆರಿಕದ ಪರಮೋಚ್ಚ ನ್ಯಾಯಾಲಯವು 1975ರಲ್ಲಿ, ಫರೆಟ್ಟಾ ಎಂಬವನ ಮೊಕದ್ದಮೆಯಲ್ಲಿ, ತಿಳಿದು ಮನಃಪೂರ್ವಕವಾಗಿ ವಕೀಲನನ್ನು ನಿರಾಕರಿಸುವವನು ತನ್ನ ವಾದವನ್ನು ತಾನೇ ನಡೆಸಬಹುದೆಂದು ತೀರ್ಮಾನಿಸಿತು. ಒಂಬತ್ತು ಮಂದಿಯಲ್ಲಿ ಆರು ಮಂದಿ ಇದಕ್ಕೆ ಒಪ್ಪಿದರು, ಮೂವರು ಒಪ್ಪಲಿಲ್ಲ. ಒಬ್ಬನ ಪ್ರಾಣಮಾನಗಳಿಗೆ ಸಂಬಂಧಿಸಿದ ವಿಷಯದಲ್ಲಿ ಅವನಿಗೆ ಬೇಡವಾದ ವಕೀಲನನ್ನು ಅವನ ಮೇಲೆ ಹೇರುವುದು ಸ್ವಾತಂತ್ರ್ಯಕ್ಕೆ ಕುಂದೆಂಬ ಈ ತತ್ತ್ವದಲ್ಲಿ ಗೌರವಕ್ಕೆ ಯೋಗ್ಯವಾದ ಅಂಶವಿಲ್ಲದಿಲ್ಲ.

ಆದರೆ ಈ ತತ್ತ್ವವನ್ನು ರೂಪಿಸಿದವರ ಕಣ್ಣಮುಂದೆ ಇದ್ದ ಚಿತ್ರವು ಅರಸನೂ ಪ್ರಜೆಯೂ ಎದುರಾದ ಚಿತ್ರ. ಆಪಾದಿತನ ಎದುರಿಗೆ ನಿಂತ ಸಾಕ್ಷಿಯೇ ದುರ್ಬಲಳಾಗಿರುವ ಸಂದರ್ಭವನ್ನು ಅವರು ಹೆಚ್ಚಾಗಿ ಆಲೋಚಿಸಿರಲಿಲ್ಲ. ಬೆಂಬತ್ತಿ ಪೀಡಿಸುವುದನ್ನು, ಎಂದರೆ ಇಂಗ್ಲಿಷಿನವರು ಸ್ಟಾಕಿಂಗ್ ಎನ್ನುವುದನ್ನು, ಪ್ರತ್ಯೇಕವಾದ ಅಪರಾಧವೆಂದು ಎಣಿಸಿದ್ದೇ ಇತ್ತೀಚೆಗೆ. ಅಮೆರಿಕದಲ್ಲಿ ಮೊದಲು ಕ್ಯಾಲಿಫೋರ್ನಿಯಾ ಸಂಸ್ಥಾನವು 1990ರಲ್ಲಿ ಇದಕ್ಕೆ ಶಾಸನ ಮಾಡಿತು; ಕೆನಡಾ ದೇಶವು 1993ರಲ್ಲಿಯೂ, ಇಂಗ್ಲೆಂಡು ಕಿರುಕುಳವನ್ನು ತಡೆಯುವ 1997ರ ಶಾಸನದ ಮೂಲಕವೂ ಅದೇ ದಾರಿಯನ್ನು ಹಿಡಿದವು. ಅದೇ 1997ರಲ್ಲಿ ಇಂಗ್ಲೆಂಡಿನ ಲಾರ್ಡುಗಳ ಸಭೆಯು, ಮಾತಿಲ್ಲದ ದೂರವಾಣಿ ಕರೆಗಳಿಂದಲೂ ಬಿಡದ ಬೆಂಬತ್ತುವಿಕೆಯಿಂದಲೂ ಉಂಟಾದ ಮನೋರೋಗವು ದೇಹಕ್ಕೆ ಆದ ಗಾಯವೇ ಸರಿ ಎಂದು ತೀರ್ಪು ಕೊಟ್ಟಿತು. ಹೊಡೆಯದೆ, ಮುಟ್ಟದೆ, ಎದುರಿಗೆ ಬಂದು ನಿಲ್ಲುವುದರಿಂದಲೇ ಒಬ್ಬರ ಬಾಳನ್ನು ಕೆಡಿಸಬಹುದೆಂಬುದನ್ನು ನ್ಯಾಯಶಾಸ್ತ್ರವು ಹೀಗೆ ಒಪ್ಪಿಕೊಂಡಿತು.

ಇದನ್ನು ಒಪ್ಪಿದಮೇಲೆ ನ್ಯಾಯಾಸ್ಥಾನದ ಒಳಗಣ ತೊಡಕು ಸ್ಪಷ್ಟವಾಗುವುದು. ಬೆಂಬತ್ತಿದವನಿಗೆ ಬೇಕಾಗಿರುವುದು ಸಂಪರ್ಕ. ಪತ್ರಕ್ಕೆ ಉತ್ತರ ಬರಲಿಲ್ಲ, ಕರೆಗೆ ಮಾತು ಬರಲಿಲ್ಲ, ಬಾಗಿಲು ತೆರೆಯಲಿಲ್ಲ. ಈಗ ಸರ್ಕಾರವೇ ಸಮನು ಕಳುಹಿಸಿ ಅವಳನ್ನು ಅವನ ಎದುರಿಗೆ ಕರೆತಂದು ನಿಲ್ಲಿಸುವುದು. ಅವನು ಕೇಳಿದ್ದಕ್ಕೆ ಅವಳು ಪ್ರಮಾಣಪೂರ್ವಕವಾಗಿ ಉತ್ತರ ಕೊಡಲೇಬೇಕು, ಎದ್ದು ಹೋಗುವಂತಿಲ್ಲ. ಅವನು ತನ್ನ ಬಲದಿಂದ ಪಡೆಯಲಾರದೆ ಹೋದುದನ್ನು ನ್ಯಾಯಾಸ್ಥಾನವು ತನ್ನ ಬಲದಿಂದ ದೊರಕಿಸಿಕೊಟ್ಟಂತಾಗುವುದು. ಗುರಾಣಿಯೆಂದು ಕೊಟ್ಟದ್ದು ಕತ್ತಿಯಾಗುವ ಸ್ಥಳ ಇದೇ.

ಈ ಅಪಾಯವನ್ನು ಇಂಗ್ಲೆಂಡಿನ ಪಾರ್ಲಿಮೆಂಟು ಮೊದಲು ಮನಗಂಡದ್ದು ಮಕ್ಕಳ ವಿಷಯದಲ್ಲಿ. ಹಿಂಸೆಯ ಮತ್ತು ಲೈಂಗಿಕಾಪರಾಧಗಳ ಮೊಕದ್ದಮೆಗಳಲ್ಲಿ ಆಪಾದಿತನು ಬಾಲಸಾಕ್ಷಿಗಳಿಗೆ ಸ್ವತಃ ಪಾಟೀಸವಾಲು ಹಾಕಕೂಡದೆಂದು 1991ರಲ್ಲಿ ನಿಷೇಧಿಸಲಾಯಿತು. ದೊಡ್ಡವರಿಗೆ ಈ ರಕ್ಷಣೆಯಿರಲಿಲ್ಲ. 1996ರಲ್ಲಿ ಓಲ್ಡ್ ಬೈಲಿಯಲ್ಲಿ ಅತ್ಯಾಚಾರದ ಆಪಾದಿತನೊಬ್ಬನು ವಕೀಲರನ್ನು ಬಿಟ್ಟು, ನೊಂದ ಹೆಂಗಸನ್ನು ತಾನೇ ಆರು ದಿನಗಳ ಕಾಲ ಪ್ರಶ್ನಿಸಿದನು. ಕೊನೆಗೆ ಅವನಿಗೆ ಶಿಕ್ಷೆಯಾಯಿತಾದರೂ, ಆ ಆರು ದಿನಗಳನ್ನು ಅವಳಿಗೆ ಹಿಂದಕ್ಕೆ ಕೊಡುವ ಶಕ್ತಿ ಯಾವ ತೀರ್ಪಿಗೂ ಇರಲಿಲ್ಲ. ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. 1998ರಲ್ಲಿ ಇಂಥದೇ ಮತ್ತೊಂದು ಮೇಲ್ಮನವಿಯಲ್ಲಿ ಮುಖ್ಯ ನ್ಯಾಯಾಧಿಪತಿ ಲಾರ್ಡ್ ಬಿಂಗಮ್ ಅವರು ವಿಚಾರಣಾಧಿಪತಿಯ ಕರ್ತವ್ಯವನ್ನು ವಿವರಿಸಿದರು: ಆಪಾದಿತನಿಗೆ ನ್ಯಾಯವಾದ ವಿಚಾರಣೆಯನ್ನು ದೊರಕಿಸುವುದು ಎಷ್ಟು ಅಗತ್ಯವೋ, ಅದಕ್ಕೆ ಚ್ಯುತಿ ಬಾರದಂತೆ ಸಾಕ್ಷಿಯ ನೋವನ್ನು ಕಡಮೆ ಮಾಡುವುದೂ ಅಷ್ಟೇ ಅಗತ್ಯ, ಕೇಳಿದ್ದನ್ನೇ ಕೇಳುವ, ಹೆದರಿಸುವ, ಅವಮಾನಿಸುವ ಪ್ರಶ್ನೆಗಳನ್ನು ತಡೆಯಬೇಕು, ಬೇಕಾದರೆ ನ್ಯಾಯಾಧಿಪತಿಯೇ ಪ್ರಶ್ನೆಗಳನ್ನು ವಹಿಸಿಕೊಳ್ಳಬಹುದು, ನಡುವೆ ತೆರೆಯನ್ನೂ ಕಟ್ಟಿಸಬಹುದು.

ಮರುವರ್ಷ, ಎಂದರೆ 1999ರಲ್ಲಿ, ಪಾರ್ಲಿಮೆಂಟು ಕ್ರಿಮಿನಲ್ ಸಾಕ್ಷ್ಯವನ್ನು ಕುರಿತ ಹೊಸ ಶಾಸನವನ್ನು ಮಾಡಿತು. ಅದರ 34ನೆಯ ವಿಧಿಯು ಲೈಂಗಿಕಾಪರಾಧಗಳಲ್ಲಿ ಆಪಾದಿತನು ಫಿರ್ಯಾದಿಯನ್ನು ಸ್ವತಃ ಪ್ರಶ್ನಿಸುವುದನ್ನು ಪೂರ್ಣವಾಗಿ ನಿಷೇಧಿಸಿತು. 36ನೆಯ ವಿಧಿಯು ಉಳಿದ ಅಪರಾಧಗಳಲ್ಲಿ ಆ ನಿರ್ಣಯವನ್ನು ನ್ಯಾಯಾಧಿಪತಿಯ ವಿವೇಚನೆಗೆ ಬಿಟ್ಟಿತು. ಬೆಂಬತ್ತುವಿಕೆಯ ಮೊಕದ್ದಮೆಗಳು ಬಹುವಾಗಿ ಸೇರುವುದು ಇದರಲ್ಲಿಯೇ. ಆಪಾದಿತನ ಪ್ರಶ್ನೆಗಳಿಂದ ಸಾಕ್ಷ್ಯದ ಗುಣ ಕುಗ್ಗುವಂತಿದ್ದು, ಅವನನ್ನು ತಡೆದರೆ ಅದು ಉತ್ತಮಗೊಳ್ಳುವಂತಿದ್ದು, ಹಾಗೆ ತಡೆಯುವುದು ನ್ಯಾಯಕ್ಕೆ ವಿರೋಧವಾಗಿರದಿದ್ದರೆ, ನ್ಯಾಯಾಧಿಪತಿಯು ನಿಷೇಧಿಸಬಹುದು. ನಿಷೇಧಿಸಿದ ಬಳಿಕ ಪ್ರಶ್ನೆಗಳು ಅನಾಥವಾಗಕೂಡದು. ಆದುದರಿಂದ ಆಪಾದಿತನು ತನ್ನ ಪರವಾಗಿ ವಕೀಲನನ್ನು ನೇಮಿಸಿಕೊಳ್ಳಬಹುದು. ಅವನು ನೇಮಿಸದಿದ್ದಲ್ಲಿ, ಅಗತ್ಯವೆಂದು ತೋರಿದರೆ, ನ್ಯಾಯಾಸ್ಥಾನವೇ ಒಬ್ಬನನ್ನು ನೇಮಿಸುವುದು. ಈ ವ್ಯವಸ್ಥೆಯ ನೆಪದಿಂದ ಆಪಾದಿತನ ಮೇಲೆ ಕೆಟ್ಟ ಅಭಿಪ್ರಾಯ ತಾಳಬೇಡಿರೆಂದು ಜೂರಿಯವರಿಗೆ ಎಚ್ಚರಿಕೆ ಕೊಡುವ ಹೊಣೆಯೂ ನ್ಯಾಯಾಧಿಪತಿಯದು.

ಕೆನಡಾ ದೇಶವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2006ರ ಆರಂಭದಿಂದ ಜಾರಿಗೆ ಬಂದ ಅಲ್ಲಿಯ ತಿದ್ದುಪಡಿಯು ಬೆಂಬತ್ತಿ ಪೀಡಿಸುವ ಅಪರಾಧವನ್ನು ಹೆಸರಿಸಿಯೇ ಹೇಳಿತು. ಅಂಥ ಮೊಕದ್ದಮೆಯಲ್ಲಿ ನೊಂದವರ ಪರವಾಗಿ ಕೋರಿಕೆ ಬಂದರೆ, ನ್ಯಾಯನಿರ್ವಹಣೆಗೆ ಅತ್ಯಗತ್ಯವೆಂದು ಕಂಡಲ್ಲದೆ, ಆಪಾದಿತನು ಸ್ವತಃ ಪಾಟೀಸವಾಲು ಹಾಕುವಂತಿಲ್ಲ. ನ್ಯಾಯಾಧಿಪತಿಯು ವಕೀಲನೊಬ್ಬನನ್ನು ನೇಮಿಸತಕ್ಕದ್ದು. ರಾಜ್ಯಾಂಗದ ಹಕ್ಕಿನ ಬಲವು ಹೆಚ್ಚಾಗಿರುವ ಅಮೆರಿಕದಲ್ಲಿ ನಡಗೆ ನಿಧಾನವಾಗಿದೆ. ಆದರೂ ಅಲ್ಲಿಯ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು 1995ರಲ್ಲಿ, ಬಾಲಸಾಕ್ಷಿಗಳನ್ನು ಆಪಾದಿತನು ಸ್ವತಃ ಪ್ರಶ್ನಿಸದಂತೆ ತಡೆದುದರಿಂದ ಅವನ ಹಕ್ಕಿಗೆ ಭಂಗವಾಗಲಿಲ್ಲವೆಂದು ಹೇಳಿತು.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಎದುರಿಸಬೇಕಾಗಿದೆ. ವಿಚಾರಣೆ ಮುಗಿಯುವವರೆಗೆ ಆಪಾದಿತನು ಅಪರಾಧಿಯಲ್ಲ. ಆಪಾದನೆಯು ಸುಳ್ಳೂ ಆಗಿರಬಹುದು. ಹಾಗಿರುವಾಗ ಅವನನ್ನು ಪೀಡಕನೆಂದು ಮೊದಲೇ ಭಾವಿಸಿ ಬಾಯಿ ಕಟ್ಟುವುದು ತೀರ್ಪಿಗಿಂತ ಮುಂಚೆ ದಂಡನೆಯಾಗದೆ? ಇದಕ್ಕೆ ಒಳ್ಳೆಯ ಉತ್ತರ ದೊರೆತದ್ದು ಸ್ಲೊವೇನಿಯಾ ದೇಶದ ಒಂದು ಮೊಕದ್ದಮೆಯಿಂದ. ಹದಿನಾಲ್ಕರ ವಯಸ್ಸಿನಲ್ಲಿ ತನ್ನ ಮೇಲೆ ಲೈಂಗಿಕ ಹಲ್ಲೆ ನಡೆಯಿತೆಂದು ದೂರಿದ್ದ ತರುಣಿಯೊಬ್ಬಳ ಸಾಕ್ಷ್ಯವು ಅಲ್ಲಿ ಏಳು ತಿಂಗಳುಗಳಲ್ಲಿ ನಾಲ್ಕು ಸಲ ನಡೆಯಿತು. ಆಪಾದಿತನು ತಾನೇ ಅವಳಿಗೆ ನೂರಕ್ಕೂ ಮಿಕ್ಕಿ ಪ್ರಶ್ನೆಗಳನ್ನು ಹಾಕಿದನು. ಕೊನೆಗೆ ಬಿಡುಗಡೆಯನ್ನೂ ಹೊಂದಿದನು. ಆದರೂ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು 2015ರಲ್ಲಿ, ಆ ವಿಚಾರಣೆಯ ರೀತಿಯಿಂದ ಅವಳ ವೈಯಕ್ತಿಕ ಗೌರವಕ್ಕೆ ಚ್ಯುತಿ ಬಂದಿತೆಂದು ತೀರ್ಪು ಕೊಟ್ಟಿತು. ಆಪಾದಿತನು ಬಿಡುಗಡೆಯಾದನೆಂಬುದರಿಂದ ಆ ತೀರ್ಪಿಗೆ ಬಾಧೆ ಬರಲಿಲ್ಲ. ಸಾಕ್ಷಿಯನ್ನು ನಡೆಸಿಕೊಳ್ಳುವ ಬಗೆಗೆ ನ್ಯಾಯಾಸ್ಥಾನಕ್ಕಿರುವ ಹೊಣೆಯು ಆಪಾದಿತನ ದೋಷನಿರ್ದೋಷಗಳನ್ನು ಅವಲಂಬಿಸಿದುದಲ್ಲ.

ಆದರೂ ಕ್ರಿಮಿನಲ್ ನ್ಯಾಯಾಸ್ಥಾನದಲ್ಲಿ ಮುಚ್ಚಿದ ಬಾಗಿಲು ಪಕ್ಕದ ಕೊಠಡಿಯಲ್ಲಿ ಬಹುಕಾಲ ತೆರೆದೇ ಇದ್ದಿತು. ಇಂಗ್ಲೆಂಡಿನಲ್ಲಿ ಅಲ್ಲಿ ತಡೆಯಲ್ಪಟ್ಟ ಗಂಡನು, ಮಕ್ಕಳ ಪಾಲನೆಯ ವ್ಯಾಜ್ಯ ನಡೆಯುವ ಕುಟುಂಬ ನ್ಯಾಯಾಸ್ಥಾನಕ್ಕೆ ಬಂದು ಅದೇ ಹೆಂಡತಿಯನ್ನು ಪ್ರಶ್ನಿಸಬಹುದಾಗಿತ್ತು. ಗೃಹಹಿಂಸೆಯನ್ನು ಕುರಿತ 2021ರ ಶಾಸನವು ಈ ಲೋಪವನ್ನು ತಿದ್ದಿತು. 2022ರ ಜುಲೈ 21ರಿಂದೀಚೆಗೆ ಆರಂಭವಾದ ವ್ಯಾಜ್ಯಗಳಲ್ಲಿ, ಗೊತ್ತಾದ ಅಪರಾಧಗಳ ಆಪಾದನೆಯೋ ಶಿಕ್ಷೆಯೋ ಇದ್ದವರಿಗೆ ಅಲ್ಲಿಯೂ ನಿಷೇಧ ಅನ್ವಯಿಸುತ್ತದೆ.

ಇಂಗ್ಲೆಂಡಿನ ಸಾಕ್ಷ್ಯಪದ್ಧತಿಯನ್ನು ಅನುಸರಿಸಿದ ಭಾರತದಲ್ಲಿಯೂ ಈ ವಿಚಾರಧಾರೆ ಹರಿಯದೆ ಇಲ್ಲ. ಅಸಭ್ಯವಾದ, ಅವಮಾನಿಸುವ ಉದ್ದೇಶದ ಪ್ರಶ್ನೆಗಳನ್ನು ತಡೆಯುವ ಅಧಿಕಾರವನ್ನು 1872ರ ಸಾಕ್ಷ್ಯ ಶಾಸನವೇ ನ್ಯಾಯಾಧಿಪತಿಗೆ ಕೊಟ್ಟಿದ್ದಿತು. ‘ಸಾಕ್ಷಿ’ ಎಂಬ ಸಂಸ್ಥೆಯು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಅತ್ಯಾಚಾರದ ವಿಚಾರಣೆಯಲ್ಲಿ ಘಟನೆಗೆ ನೇರವಾಗಿ ಸಂಬಂಧಿಸಿದ ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧಿಪತಿಗೆ ಕೊಡಬೇಕು, ಅವರು ಅವನ್ನು ಸ್ಪಷ್ಟವಾದ, ನೋಯಿಸದ ಮಾತುಗಳಲ್ಲಿ ಕೇಳಬೇಕು ಎಂದು ವಿಧಿಸಿತು. ಮಕ್ಕಳ ರಕ್ಷಣೆಗೆಂದು ಮಾಡಿದ 2012ರ ಶಾಸನವೂ ಪ್ರಶ್ನೆಗಳು ನ್ಯಾಯಾಧಿಪತಿಯ ಮುಖಾಂತರವೇ ಮಗುವನ್ನು ತಲಪಬೇಕೆಂದು ಹೇಳುತ್ತದೆ. ಹೆಂಗಸರನ್ನು ಬೆಂಬತ್ತುವುದು ಇಲ್ಲಿ 2013ರಲ್ಲಿ ಪ್ರತ್ಯೇಕ ಅಪರಾಧವಾಯಿತು.

ಈ ನಾಲ್ಕು ಶತಮಾನಗಳ ಚರಿತ್ರೆಯಲ್ಲಿ ಪ್ರಶ್ನೆಯ ಬೆಲೆ ಕುಗ್ಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ರಾಲೆಗೆ ನಿರಾಕರಿಸಲ್ಪಟ್ಟದ್ದು ಉತ್ತರ. ಆ ಉತ್ತರವನ್ನು ಇಂದಿನ ಶಾಸನಗಳು ಯಾವ ಆಪಾದಿತನಿಗೂ ನಿರಾಕರಿಸಿಲ್ಲ. ಅವು ಬೇರ್ಪಡಿಸಿದ್ದು ಪ್ರಶ್ನೆಯನ್ನೂ ಪ್ರಶ್ನಿಸುವ ಬಾಯಿಯನ್ನೂ ಮಾತ್ರ. ಕೇಳಬೇಕಾದ ಪ್ರತಿಯೊಂದು ಪ್ರಶ್ನೆಯನ್ನೂ ಕೇಳಲೇಬೇಕು; ಎಷ್ಟು ಕಠಿನವಾಗಿದ್ದರೂ ಕೇಳಬೇಕು. ಅದನ್ನು ಕೇಳುವ ಧ್ವನಿಯು ಮಾತ್ರ, ಅವಳು ಯಾವುದಕ್ಕೆ ಹೆದರಿ ನ್ಯಾಯಾಸ್ಥಾನದ ಮೊರೆಹೊಕ್ಕಳೋ ಆ ಧ್ವನಿಯೇ ಆಗಬೇಕಾಗಿಲ್ಲ.