ಬೆಂಗಳೂರಿನ ದಂಡು, ಮೈಸೂರಿನ ಬೀದಿ: ಗುಹ್ಯರೋಗ ನಿವಾರಣೆಯ ಎರಡು ಕ್ರಮಗಳು

ನಗರದ ರಚನೆಯು ವೇಶ್ಯಾವೃತ್ತಿ ಎಲ್ಲಿ, ಹೇಗೆ ನಡೆಯುವುದೆಂಬುದನ್ನು ಮಾತ್ರವಲ್ಲದೆ, ರೋಗನಿವಾರಣೆಯು ಯಾವ ಮಾರ್ಗವನ್ನು ಹಿಡಿಯುವುದೆಂಬುದನ್ನೂ ಬಹುಮಟ್ಟಿಗೆ ನಿರ್ಣಯಿಸುವುದು. ಇದಕ್ಕೆ ಕರ್ಣಾಟಕದಲ್ಲಿ ಎರಡು ನಿದರ್ಶನಗಳುಂಟು: ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ದಂಡು ಮೊದಲನೆಯದು, ಇಪ್ಪತ್ತೊಂದನೆಯ ಶತಮಾನದ ಮೈಸೂರು ಎರಡನೆಯದು.

ಶ್ರೀರಂಗಪಟ್ಟಣದ ಚಳಿಜ್ವರದಿಂದ ಪೀಡಿತವಾದ ಆಂಗ್ಲ ಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲಸಿತು. ಹಳೆಯ ಪೇಟೆಯ ಪಕ್ಕದಲ್ಲಿ ದಂಡೆಂಬ ಬೇರೊಂದು ಊರು ಹೀಗೆ ಬೆಳೆಯಿತು. ಅದಕ್ಕೆ ತನ್ನದೇ ಆದ ಎಲ್ಲೆಯಿತ್ತು, ಬಜಾರುಗಳಿದ್ದುವು, ಅಧಿಕಾರಿಗಳಿದ್ದರು. 1857ರ ದಂಗೆಯ ತರುವಾಯ ದೇಶದಲ್ಲಿ ಯೂರೋಪಿಯನ್ ಸೈನಿಕರ ಸಂಖ್ಯೆ ಹೆಚ್ಚಿತು; ಗುಹ್ಯರೋಗದಿಂದ ಅವರು ಆಸ್ಪತ್ರೆ ಸೇರುವುದು ಸರ್ಕಾರಕ್ಕೆ ಚಿಂತೆಯ ವಿಷಯವಾಯಿತು. 1864ರ 22ನೆಯ ಶಾಸನವು ದಂಡುಗಳಿಗೂ, 1868ರ 14ನೆಯ ಶಾಸನವು ನಿರ್ದಿಷ್ಟ ನಗರಗಳಿಗೂ ನಿಯಮಗಳನ್ನು ವಿಧಿಸಿದುವು. ವೃತ್ತಿಯ ಸ್ತ್ರೀಯರು ಹೆಸರನ್ನು ದಾಖಲೆ ಮಾಡಿಸಿ, ನಿಯತಕಾಲದಲ್ಲಿ ಪರೀಕ್ಷೆಗೆ ಒಳಗಾಗಬೇಕು. ರೋಗವಿದ್ದರೆ ‘ಲಾಕ್ ಆಸ್ಪತ್ರೆ’ಯಲ್ಲಿ ಇರಬೇಕು. ಬೆಂಗಳೂರಿನಲ್ಲಿಯೂ ಇಂತಹ ಆಸ್ಪತ್ರೆಯಿತ್ತು. 1868ರ ಶಾಸನದ ಬಲವಂತವು ಸ್ತ್ರೀಗೆ ಮಾತ್ರ, ಸೈನಿಕನಿಗಲ್ಲ.

ಈ ಕ್ರಮದ ದೌರ್ಬಲ್ಯವು ಅದರ ಎಲ್ಲೆಯಲ್ಲಿಯೇ ಅಡಗಿದ್ದಿತು. ದಾಖಲೆಯಾಗದ ಸ್ತ್ರೀಯರ ವಿಷಯವು ಲಾಕ್ ಆಸ್ಪತ್ರೆಗಳ ವರದಿಗಳಲ್ಲಿ ಮರಳಿ ಮರಳಿ ಬರುವ ದೂರು. ಪರೀಕ್ಷೆಯೇ ಶಿಕ್ಷೆಯಂತಿದ್ದುದರಿಂದ ರೋಗಿಯು ಚಿಕಿತ್ಸೆಯನ್ನು ಅರಸದೆ ಅದರಿಂದ ತಪ್ಪಿಸಿಕೊಳ್ಳುವುದು ಸಹಜವಾಯಿತು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರು ನಡೆಸಿದ ಚಳವಳಿಯ ಫಲವಾಗಿ 1888ರಲ್ಲಿ ಭಾರತದ ಶಾಸನವು ರದ್ದಾಯಿತು. ದಂಡುಗಳಲ್ಲಿ ಅದರ ಕೆಲವಂಶಗಳು 1897ರಲ್ಲಿ ಬೇರೆ ರೂಪದಿಂದ ಮರಳಿದುವು.

ಸ್ವತಂತ್ರ ಭಾರತದ 1956ರ ಶಾಸನವು ವೃತ್ತಿಯನ್ನೇ ಅಪರಾಧವೆನ್ನಲಿಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದನ್ನು ದಂಡನೀಯವೆಂದಿತು. ಅದರ ಇಂದಿನ ರೂಪದಂತೆ ದೇವಾಲಯ, ಪಾಠಶಾಲೆ, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ಈ ವೃತ್ತಿ ಸಲ್ಲದು. ಒತ್ತಾದ ಊರಿನಲ್ಲಿ ಇಂತಹ ಸ್ಥಳಗಳಿಂದ ದೂರವಾದ ಬೀದಿ ಅಪರೂಪ.

ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಲ್ಲಿ ಆರಂಭವಾದ ಎಚ್.ಐ.ವಿ. ನಿವಾರಣಾ ಕಾರ್ಯಕ್ಕೆ ಒಂದು ಕೇರಿಯ ಆಧಾರವಿದ್ದಿತು. ಮೈಸೂರಿನಲ್ಲಿ ಹಾಗಲ್ಲ. ಇಲ್ಲಿ ಹೆಚ್ಚಿನವರು ಗಿರಾಕಿಯನ್ನು ಕಾಣುತ್ತಿದ್ದುದು ಬೀದಿಯಲ್ಲಿ. ಉಳಿದವರು ಮನೆ, ಲಾಡ್ಜುಗಳಲ್ಲಿ. ಪೋಲೀಸರ ಭಯದಿಂದ ಮಾತು ಅವಸರದಲ್ಲಿ ಮುಗಿಯುವೆಡೆ ಕಾಂಡೋಮಿಗಾಗಿ ಒತ್ತಾಯಿಸಲು ಅವಕಾಶವೆಲ್ಲಿ? 2004ರಲ್ಲಿ ಆರಂಭವಾಗಿ ಮುಂದೆ ‘ಆಶೋದಯ ಸಮಿತಿ’ಯಾಗಿ ಬೆಳೆದ ಕಾರ್ಯವು ಆದುದರಿಂದ ಸ್ತ್ರೀಯರನ್ನು ಒಂದೆಡೆ ಕೂಡಿಹಾಕಲಿಲ್ಲ. ವೃತ್ತಿಯಲ್ಲಿದ್ದವರೇ ಸ್ಥಳಗಳನ್ನು ಗುರುತಿಸಿ ಜೊತೆಯವರನ್ನು ಕಂಡರು. ವಿಶ್ರಾಂತಿಗೆ ಮನೆಯೂ ಚಿಕಿತ್ಸಾಲಯವೂ ಏರ್ಪಟ್ಟುವು. ಪೋಲೀಸರೊಡನೆ ಮಾತುಕತೆ ನಡೆಯಿತು. 2004ರ ಮತ್ತು 2006ರ ಸಮೀಕ್ಷೆಗಳ ನಡುವೆ ಸಿಫಿಲಿಸ್ ಶೇಕಡ 25ರಿಂದ 12ಕ್ಕೆ ಇಳಿಯಿತು, ಎಚ್.ಐ.ವಿ.ಯ ಪ್ರಮಾಣದಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹೋಲಿಕೆಗೆ ಬೇರೊಂದು ಊರಿನ ಸಮೀಕ್ಷೆ ಜೊತೆಗಿಲ್ಲದುದರಿಂದ ಇಳಿಕೆಯೆಲ್ಲವೂ ಈ ಕಾರ್ಯದ ಫಲವೆಂದು ಹೇಳಲಾಗದು.

ಆದರೂ ಎರಡು ಕ್ರಮಗಳ ಭೇದವು ಸ್ಪಷ್ಟವಾಗಿದೆ. ದಂಡಿನ ವೈದ್ಯವು ಸೈನಿಕನ ರಕ್ಷಣೆಗಾಗಿ ಸ್ತ್ರೀಯ ಮೇಲೆ ಕಾವಲಿಟ್ಟಿತು. ಮೈಸೂರಿನ ಕಾರ್ಯವು ಆಕೆಯ ಆರೋಗ್ಯವನ್ನೂ ಆಕೆ ನಿಂತ ಬೀದಿಯ ಭಯವನ್ನೂ ಒಂದೇ ಪ್ರಶ್ನೆಯೆಂದು ಎಣಿಸಿತು.